ಅವ್ವನ ಶರಟು: ಉಡುಪು, ಗುರುತು ಮತ್ತು ತರಗತಿ

ಪೀಠಿಕೆ

ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರಿದ ಮೇಲೆ ಶಾಲಾ ಇಂಟರ್ನ್‌ಶಿಪ್‌ಗಾಗಿ ನನಗೆ ಸಿಕ್ಕಿದ್ದು ಆಲೂರು ತಾಲ್ಲೂಕಿನ ಮಗ್ಗೆಗೆ ಹತ್ತಿರದ ಒಂದು ಪ್ರೌಢಶಾಲೆ. ನಾನು ಹುಟ್ಟಿ ಬೆಳೆದದ್ದೂ ಅದೇ ಸೀಮೆಯಲ್ಲಿ. ಅಲ್ಲಿನ ಮಕ್ಕಳ ಮಾತು, ಮನೆ, ತೋಟ, ಮಳೆ ಎಲ್ಲವೂ ನನಗೆ ಗೊತ್ತಿರುವುದರಿಂದ ಪಾಠ ಸುಲಭವಾಗುತ್ತದೆ ಎಂದುಕೊಂಡಿದ್ದೆ. ಆದರೆ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯದಲ್ಲೇ ನಾನು ಎಡವಿದೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಬರುವ ಸಂಶ್ಲೇಷಿತ ಎಳೆಗಳ ಪಾಠವನ್ನು ಮಾಡುವಾಗ ಆದ ಆ ತಪ್ಪು, ಉಡುಪು ಎಂದರೇನು, ಅದಕ್ಕೂ ಮಗುವಿನ ಗುರುತಿಗೂ ಇರುವ ಸಂಬಂಧವೇನು ಎಂದು ನನ್ನನ್ನು ಓದಲು ಹಚ್ಚಿತು. ಓದಿದ್ದನ್ನೂ ತರಗತಿಯಲ್ಲಿ ಕಂಡದ್ದನ್ನೂ ಸೇರಿಸಿ ಈ ಲೇಖನ ಬರೆದಿದ್ದೇನೆ. ಇದೇ ಪಾಠವನ್ನು ಮುಂದೆ ಮಾಡುವ ಸಹಪಾಠಿಗಳಿಗೆ ಇದರಿಂದ ಸ್ವಲ್ಪವಾದರೂ ಉಪಯೋಗವಾಗಲಿ ಎಂಬುದು ಉದ್ದೇಶ.

ಆ ದಿನ ನಡೆದದ್ದು

ನಮ್ಮ ಪಾಠಯೋಜನೆ ಐದು ಹಂತಗಳದ್ದು: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಮೊದಲ ಹಂತಕ್ಕೆ ನಾನು ಹಾಕಿಕೊಂಡ ಚಟುವಟಿಕೆ ಹೀಗಿತ್ತು: ಪ್ರತಿಯೊಬ್ಬರೂ ಮನೆಯಿಂದ ತಮಗೆ ಇಷ್ಟವಾದ ಒಂದು ಬಟ್ಟೆ ತರಬೇಕು, ಅದು ಯಾರದು, ಯಾಕೆ ಇಷ್ಟ ಎಂದು ಎರಡು ಮಾತು ಹೇಳಬೇಕು. ಆಮೇಲೆ ಆ ಬಟ್ಟೆಗಳನ್ನೇ ಹತ್ತಿ, ಉಣ್ಣೆ, ರೇಷ್ಮೆ, ಪಾಲಿಯೆಸ್ಟರ್ ಎಂದು ಗುಂಪು ಮಾಡುವುದು. ಬದುಕಿಗೂ ಪಾಠಕ್ಕೂ ಜೋಡಣೆ ಇರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವುದನ್ನು ನಾವೆಲ್ಲ ಓದಿದ್ದೇವಲ್ಲ, ಅದಕ್ಕೆ ಇದು ಒಳ್ಳೆಯ ಉದಾಹರಣೆ ಎಂದು ನನಗೆ ಹೆಮ್ಮೆಯೂ ಇತ್ತು.

ಮಕ್ಕಳು ಉತ್ಸಾಹದಿಂದಲೇ ತಂದರು. ಅಕ್ಕನ ಮದುವೆಗೆ ಹೊಲಿಸಿದ ಲಂಗ, ಚಿಕ್ಕಪ್ಪ ಬೆಂಗಳೂರಿನಿಂದ ತಂದ ಜೀನ್ಸ್ ಪ್ಯಾಂಟು, ಅಜ್ಜಿಯ ಇಳಕಲ್ ಸೀರೆ, ಕಬಡ್ಡಿ ಪಂದ್ಯದ ಬನಿಯನ್ನು. ಮೂರನೇ ಸಾಲಿನ ಒಬ್ಬ ಹುಡುಗಿಯ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

"ಮರ್ತೋಯ್ತು ಮಿಸ್" ಎಂದಳು.

ನಾನು ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. "ಮನೇಲಿ ಒಂದು ಬಟ್ಟೆನೂ ಸಿಗಲಿಲ್ವಾ?" ಎಂದು ನಗುತ್ತಲೇ ಕೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, "ಅವ್ರವ್ವ ಗಂಡಸ್ರು ಶರಟು ಹಾಕ್ಕೊಂಡು ತೋಟಕ್ಕೋಗದು ಮಿಸ್, ಅದುನ್ನ ತರಕ್ಕೆ ನಾಚ್ಕೆ ಅವ್ಳಿಗೆ" ಎಂದ. ಇಡೀ ತರಗತಿ ನಕ್ಕಿತು. ನಾನು "ಸೈಲೆನ್ಸ್" ಎಂದು ಮೇಜು ತಟ್ಟಿ ನೈಲಾನಿಗೆ ಹೋದೆ. ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ಅವಲೋಕನ ಪುಸ್ತಕದಲ್ಲಿ ತೊಡಗಿಸಿಕೊಳ್ಳುವಿಕೆ ಚೆನ್ನಾಗಿತ್ತು ಎಂದು ಬರೆದರು. ಅವರು ನೋಡಿದ್ದು ನಗುವ ಮಕ್ಕಳನ್ನು. ಮುಂದಿನ ಎರಡು ದಿನ ಆ ಹುಡುಗಿ ಶಾಲೆಗೆ ಬರಲಿಲ್ಲ.

ಅಲ್ಲಿದ್ದ ಯಾರಿಗೂ ಗೊತ್ತಿಲ್ಲದ ಒಂದು ವಿಷಯವಿತ್ತು. ನಮ್ಮವ್ವನೂ ಕಾಫಿ ತೋಟದ ಕೆಲಸಕ್ಕೆ ಹೋಗುವುದು ಸೀರೆಯ ಮೇಲೆ ಅಪ್ಪನ ಹಳೆಯ ತುಂಬುತೋಳಿನ ಶರಟು ಹಾಕಿಕೊಂಡೇ. ಹಾಸನದ ಕಾಲೇಜಿನಲ್ಲಿ ಮೂರು ವರ್ಷ ಓದುವಾಗ ಇದನ್ನು ನಾನು ಒಬ್ಬ ಗೆಳತಿಗೂ ಹೇಳಿರಲಿಲ್ಲ. ಆ ಹುಡುಗಿ ಬಾಯಿಬಿಟ್ಟು ಹೇಳಲಾರದ್ದನ್ನು ನಾನೂ ಹೇಳಿರಲಿಲ್ಲ. ಅವಳನ್ನು ಎಲ್ಲರೆದುರು ನಿಲ್ಲಿಸಿ ಕೇಳುವ ಅಧಿಕಾರ ನನಗೆ ಎಲ್ಲಿಂದ ಬಂತು?

ಉಡುಪು ಹುಟ್ಟುವುದು ಕೆಲಸದಿಂದ

ಉಡುಪಿನ ಬಗ್ಗೆ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಮೂರು ಉಪಯೋಗ ಬರೆಸುತ್ತೇವೆ: ಚಳಿ, ಮಳೆ, ಬಿಸಿಲಿನಿಂದ ರಕ್ಷಣೆ, ಮಾನ ಮುಚ್ಚುವುದು, ಅಲಂಕಾರ. ಇದಕ್ಕೆ ನಾಲ್ಕನೆಯದನ್ನು ಸೇರಿಸಬೇಕು: ತಾನು ಯಾರು ಎಂದು ಹೇಳುವುದು. ಈ ನಾಲ್ಕೂ ಬೇರೆಬೇರೆಯಲ್ಲ. ಒಂದು ಕಾಲದಲ್ಲಿ ಕೆಲಸಕ್ಕೆಂದು ಬಂದ ಬಟ್ಟೆ ಬರಬರುತ್ತ ಗುರುತಾಗುತ್ತದೆ.

ನಮ್ಮ ಮಲೆನಾಡಿನ ಅಂಚಿನಲ್ಲೇ ಇದಕ್ಕೆ ಸಾಕಷ್ಟು ಉದಾಹರಣೆಗಳಿವೆ. ಮಳೆಗಾಲದಲ್ಲಿ ಗದ್ದೆ ಕೆಲಸ ಮಾಡುವವರು ಕಂಬಳಿಯನ್ನು ಮಡಿಸಿ ತಲೆಯ ಮೇಲೆ ಕೊಪ್ಪೆ ಮಾಡಿ ಹಾಕಿಕೊಳ್ಳುತ್ತಿದ್ದರು. ನಾಟಿ ಮಾಡುವಾಗ ಬೆನ್ನು ಮುಚ್ಚಲು ಗೊರಬು ಇತ್ತು. ಈಗ ಎರಡರ ಜಾಗಕ್ಕೂ ಗೊಬ್ಬರದ ಚೀಲದ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ. ಕಂಬಳಿ ಸುಮ್ಮನೆ ಬಂದದ್ದಲ್ಲ. ಉಣ್ಣೆಯ ಎಳೆ ಸುರುಳಿಯಾಗಿರುವುದರಿಂದ ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿಯೇ ಮೈಯ ಶಾಖವನ್ನು ಹಿಡಿದಿಡುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಹೀರಿದರೂ ಉಣ್ಣೆ ಒದ್ದೆಯಾದಂತೆ ಅನಿಸುವುದಿಲ್ಲ. ನೇಯುವವರು ಹಾಸಿನ ನೂಲಿಗೆ ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡುತ್ತಾರೆ. ಇಷ್ಟು ವಿಜ್ಞಾನ ಅಡಗಿರುವ ಕಂಬಳಿಯನ್ನು "ಹಳ್ಳಿಯವರದು" ಎಂದು ಮಕ್ಕಳು ಮೂಲೆಗೆ ಸರಿಸುತ್ತಾರೆ.

ಶರಟಿನ ಕತೆಯೂ ಹೀಗೆಯೇ. ಕಾಫಿ ಗಿಡಗಳ ನಡುವೆ ಕೈ ಹಾಕಿ ಹಣ್ಣು ಬಿಡಿಸುವಾಗ, ಚಿಗುರು ತೆಗೆಯುವಾಗ ರೆಕ್ಕೆಗಳ ಚೂಪು ತುದಿ ತೋಳನ್ನು ಗೀರುತ್ತದೆ. ಮರದಿಂದ ಕೆಂಜಿಗ ಇರುವೆ ಉದುರುತ್ತವೆ. ರವಿಕೆಯ ಗಿಡ್ಡ ತೋಳು ಇದಕ್ಕೆ ಸಾಲದು. ಸೀರೆಯ ಸೆರಗು ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ. ತುಂಬುತೋಳಿನ ಶರಟು ತೋಳನ್ನು ಮುಚ್ಚುತ್ತದೆ, ಸೆರಗನ್ನು ಮೈಗೆ ಬಿಗಿದಿಡುತ್ತದೆ, ಸೀರೆಯನ್ನು ಕೊಳೆಯಿಂದ ಕಾಯುತ್ತದೆ, ಹಳೆಯದಾದರೂ ನಡೆಯುತ್ತದೆ. ಯಾವ ಕಂಪನಿಯೂ ತಯಾರಿಸಿ ಮಾರದ, ಹೆಂಗಸರು ತಾವೇ ಕಂಡುಕೊಂಡ ಕೆಲಸದ ಉಡುಪು ಇದು. ನಮ್ಮ ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿ ಇದೇ ನಡೆಯುತ್ತದೆ. ನೆರೆಯ ಕೊಡಗಿನ ಹೆಂಗಸರು ಸೀರೆಯ ನೆರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಉಡುವ ಕ್ರಮವನ್ನು ನಾವು "ವಿಶಿಷ್ಟ ಸಂಸ್ಕೃತಿ" ಎಂದು ಹೊಗಳುತ್ತೇವೆ. ಅವ್ವಂದಿರ ಶರಟಿಗೆ ಮಾತ್ರ ಅಂಥ ಹೆಸರಿಲ್ಲ. ಕಾರಣ ಬಟ್ಟೆಯಲ್ಲಿಲ್ಲ, ಅದನ್ನು ಹಾಕಿಕೊಳ್ಳುವವರು ಯಾರು ಎನ್ನುವುದರಲ್ಲಿದೆ.

ಸಂಪ್ರದಾಯ ಎಂದು ನಾವು ತಿಳಿದಿರುವುದೂ ಬದಲಾಗುತ್ತಲೇ ಬಂದಿದೆ. ಇಂದು ದೇಶದ ಬಹುಭಾಗದಲ್ಲಿ ರವಿಕೆ, ಒಳಲಂಗದ ಜೊತೆ ಸೀರೆ ಉಡುವ ರೀತಿ ಹರಡುವುದರಲ್ಲಿ ಬಂಗಾಳದ ಜ್ಞಾನದಾನಂದಿನಿ ದೇವಿಯವರ ಪಾತ್ರವಿದೆ. ರವೀಂದ್ರನಾಥ ಟಾಗೋರರ ಅತ್ತಿಗೆಯಾದ ಅವರು 1860ರ ದಶಕದಲ್ಲಿ ಮುಂಬಯಿಗೆ ಹೋದಾಗ ಪಾರ್ಸಿ ಮಹಿಳೆಯರು ಸೀರೆ ಉಡುವುದನ್ನು ನೋಡಿ, ಹೊರಗೆ ಓಡಾಡಲು ಅನುಕೂಲವಾಗುವಂತೆ ಅದನ್ನು ಮಾರ್ಪಡಿಸಿಕೊಂಡರು. ಅಂದರೆ ನಮ್ಮ "ಶಿಕ್ಷಕಿಯ ಸೀರೆ"ಯೂ ಒಂದು ಕಾಲದ ಹೊಸ ಫ್ಯಾಷನ್ನೇ.

"ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ"

ಎಂಟನೇ ತರಗತಿಯ ಮಗುವಿಗೆ ಹದಿಮೂರು ವರ್ಷ. ನಮ್ಮ ಮನೋವಿಜ್ಞಾನದ ಪತ್ರಿಕೆಯಲ್ಲಿ ಓದುವ ಎರಿಕ್ ಎರಿಕ್‌ಸನ್ ಪ್ರಕಾರ ಹದಿಹರೆಯದ ಮುಖ್ಯ ಪ್ರಶ್ನೆಯೇ "ನಾನು ಯಾರು?" ಎಂಬುದು. ಗುರುತು ಮತ್ತು ಪಾತ್ರ ಗೊಂದಲ ಎಂದು ಪರೀಕ್ಷೆಗೆ ಬರೆಯುತ್ತೇವೆ. ಈ ವಯಸ್ಸಿನವರು ಆ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಹುಡುಕುವುದಕ್ಕಿಂತ ಕೂದಲಲ್ಲಿ, ಚಪ್ಪಲಿಯಲ್ಲಿ, ಶರಟಿನ ಕಾಲರಿನಲ್ಲಿ ಹುಡುಕುತ್ತಾರೆ. ಗುಂಪಿನಲ್ಲಿ ಒಬ್ಬರಾಗಬೇಕು, ಗುಂಪಿನಿಂದ ಸ್ವಲ್ಪ ಬೇರೆಯಾಗಿಯೂ ಕಾಣಬೇಕು ಎಂಬ ಎರಡು ಆಸೆ ಒಟ್ಟಿಗೇ ಇರುತ್ತವೆ.

ಡೇವಿಡ್ ಎಲ್‌ಕೈಂಡ್ 1967ರಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿಸಿದರು. ಹದಿಹರೆಯದವರ ಮನಸ್ಸಿನಲ್ಲಿ ಸದಾ "ಕಾಲ್ಪನಿಕ ಪ್ರೇಕ್ಷಕರು" ಇರುತ್ತಾರೆ, ತಮ್ಮನ್ನು ಎಲ್ಲರೂ ಗಮನಿಸುತ್ತಿದ್ದಾರೆ ಎಂದೇ ಅವರು ನಂಬುತ್ತಾರೆ. ದೊಡ್ಡವರಲ್ಲೂ ಇದು ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕಾಲೇಜು ವಿದ್ಯಾರ್ಥಿಯೊಬ್ಬರಿಗೆ ಮುಜುಗರ ತರುವ ಚಿತ್ರವಿದ್ದ ಟಿ-ಶರಟು ಹಾಕಿಸಿ, ಇತರರು ಕುಳಿತ ಕೋಣೆಯೊಳಗೆ ಕಳಿಸಿದರು. ಎಷ್ಟು ಜನ ನಿನ್ನ ಶರಟನ್ನು ಗಮನಿಸಿದರು ಎಂದು ಕೇಳಿದಾಗ, ಶರಟು ಹಾಕಿದವರು ಸುಮಾರು ಅರ್ಧದಷ್ಟು ಜನ ಎಂದು ಊಹಿಸಿದರು. ನಿಜವಾಗಿ ಗಮನಿಸಿದ್ದವರು ಕಾಲು ಭಾಗದಷ್ಟು.

ಇದನ್ನು ಓದಿ, ಮಕ್ಕಳಿಗೆ "ಯಾರೂ ನಿನ್ನನ್ನು ನೋಡುತ್ತಿಲ್ಲ" ಎಂದು ಸಮಾಧಾನ ಹೇಳಬಹುದಲ್ಲ ಎಂದು ಮೊದಲು ಅನಿಸಿತು. ಆಮೇಲೆ ನನ್ನ ತರಗತಿಯನ್ನು ನೆನೆದೆ. ಅಲ್ಲಿ ಆ ಹುಡುಗಿಯ ಭಯ ಕಾಲ್ಪನಿಕವಾಗಿರಲಿಲ್ಲ. ಪ್ರೇಕ್ಷಕರು ನಿಜವಾಗಿಯೂ ಇದ್ದರು, ಅವರನ್ನು ಅವಳತ್ತ ತಿರುಗಿಸಿದ್ದು ನಾನೇ. ಹದಿಹರೆಯದ ಮಗು ಮೊದಲೇ ಹೆದರಿರುವ ದೃಶ್ಯವನ್ನು ಶಿಕ್ಷಕರು ನಿಜ ಮಾಡಿ ತೋರಿಸಿದರೆ, ಆಮೇಲೆ ಯಾವ ಮನೋವಿಜ್ಞಾನವೂ ಅದನ್ನು ಸುಲಭವಾಗಿ ಅಳಿಸಲಾರದು.

ಬಟ್ಟೆ ಮತ್ತು ಮಾನದ ಚರಿತ್ರೆ

ಯಾರು ಏನು ಉಡಬಹುದು ಎಂಬುದನ್ನು ಈ ದೇಶದಲ್ಲಿ ಬಹುಕಾಲ ಜಾತಿ ನಿರ್ಧರಿಸಿತು. ತಿರುವಾಂಕೂರು ಸಂಸ್ಥಾನದಲ್ಲಿ ನಾಡಾರ್ ಮಹಿಳೆಯರು ಮೈಯ ಮೇಲ್ಭಾಗ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. 1859ರಲ್ಲಿ ಅನುಮತಿ ಸಿಕ್ಕಿತು. ಆಗಲೂ ಮೇಲ್ಜಾತಿಯ ಹೆಂಗಸರಂತೆ ಉಡಬಾರದು ಎಂಬ ಷರತ್ತಿತ್ತು. ಬಟ್ಟೆಯ ಅಳತೆಯಲ್ಲೇ ಮನುಷ್ಯರ ಅಂತಸ್ತನ್ನು ಅಳೆದ ಕಾಲ ಅದು.

ಇಪ್ಪತ್ತನೇ ಶತಮಾನದ ಇಬ್ಬರು ನಾಯಕರು ಇದನ್ನೇ ತಿರುಗಿಸಿ ಉಪಯೋಗಿಸಿದರು. ಗಾಂಧೀಜಿ 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಮೊಣಕಾಲ ಮೇಲಿನ ತುಂಡು ಪಂಚೆಗೆ ಬದಲಾದರು. ಬಡವರಿಗೆ ಇರುವಷ್ಟೇ ಬಟ್ಟೆ ತನಗೂ ಸಾಕು ಎಂಬುದು ಅದರ ಅರ್ಥ. 1931ರಲ್ಲಿ ಇಂಗ್ಲೆಂಡಿನ ದೊರೆಯನ್ನು ಕಾಣಲು ಹೋದಾಗಲೂ ಅದನ್ನು ಬಿಡಲಿಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಸೂಟು, ಟೈ ಧರಿಸಿದರು. ಒಳ್ಳೆಯ ಬಟ್ಟೆಯನ್ನು ಯಾರಿಗೆ ತಲೆತಲಾಂತರದಿಂದ ನಿರಾಕರಿಸಲಾಗಿತ್ತೋ ಅವರಿಗೆ ಆ ಸೂಟು ಒಂದು ಘನತೆಯ ಮಾತಾಯಿತು. ಒಬ್ಬರು ಬಟ್ಟೆ ಕಳಚಿದ್ದು, ಇನ್ನೊಬ್ಬರು ಪೂರ್ತಿ ಧರಿಸಿದ್ದು ಎರಡೂ ಮಾನದ ಪ್ರಶ್ನೆಗೇ ಕೊಟ್ಟ ಉತ್ತರ. ನಮ್ಮ ಊರುಗಳಲ್ಲಿ ಸೂಟು ತೊಟ್ಟ ಅಂಬೇಡ್ಕರರ ಚಿತ್ರ ಗೋಡೆಯ ಮೇಲಿರುವ ಮನೆಗಳಿಂದ ಬರುವ ಮಕ್ಕಳು ನಮ್ಮ ತರಗತಿಯಲ್ಲಿದ್ದಾರೆ ಎಂಬುದನ್ನು ನಾವು ನೆನಪಿಡಬೇಕು.

ಉಡುಪು ಅಭಿವ್ಯಕ್ತಿಯ ಭಾಗ ಎಂಬುದನ್ನು ನ್ಯಾಯಾಲಯವೂ ಹೇಳಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ 2014ರ ಏಪ್ರಿಲ್ 15ರಂದು ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತನ್ನ ಲಿಂಗತ್ವ ಗುರುತನ್ನು ಉಡುಪು, ಮಾತು, ನಡವಳಿಕೆಗಳ ಮೂಲಕ ತೋರುವುದು ಸಂವಿಧಾನದ 19(1)(ಎ) ವಿಧಿಯ ವ್ಯಾಪ್ತಿಗೆ ಬರುತ್ತದೆ ಎಂದಿತು. ನಮ್ಮ ರಾಜ್ಯದಲ್ಲೇ 2022ರಲ್ಲಿ ತಲೆವಸ್ತ್ರದ ವಿಷಯ ದೊಡ್ಡದಾಯಿತು. ಫೆಬ್ರವರಿ 5ರಂದು ಸರ್ಕಾರ ಸಮವಸ್ತ್ರದ ಆದೇಶ ಹೊರಡಿಸಿತು, ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದರ ಕಾನೂನು ಚರ್ಚೆಗೆ ಈ ಲೇಖನ ಹೋಗುವುದಿಲ್ಲ. ಶಿಕ್ಷಕರಾಗುವವರು ಅದರಿಂದ ತಿಳಿಯಬೇಕಾದದ್ದು ಒಂದಿದೆ: ತರಗತಿಯ ಬಾಗಿಲಲ್ಲಿ ಒಂದು ಬಟ್ಟೆಯ ಬಗ್ಗೆ ಆಡುವ ಮಾತು, ಆ ಮಗುವಿಗೆ ಬಟ್ಟೆಯ ಬಗ್ಗೆ ಮಾತ್ರ ಆಡಿದ ಮಾತಾಗಿ ಕೇಳಿಸುವುದಿಲ್ಲ.

ಸಮವಸ್ತ್ರ ಎಷ್ಟನ್ನು ಮುಚ್ಚುತ್ತದೆ?

ಸರ್ಕಾರಿ ಶಾಲೆಗಳಲ್ಲಿ ವಿದ್ಯಾವಿಕಾಸ ಯೋಜನೆಯಲ್ಲಿ ಉಚಿತ ಸಮವಸ್ತ್ರ ಕೊಡುತ್ತಾರೆ. ಎಲ್ಲರೂ ಒಂದೇ ಬಣ್ಣದಲ್ಲಿ ಕುಳಿತಾಗ ಯಾರ ಮನೆಯಲ್ಲಿ ಎಷ್ಟಿದೆ ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಇದು ಸಣ್ಣ ಉಪಕಾರವಲ್ಲ. ನಾನು ಓದಿದ್ದೂ ಅದೇ ಬಟ್ಟೆಯಲ್ಲಿ.

ಆದರೆ ಹತ್ತಿರ ಹೋಗಿ ನೋಡಿದರೆ ಸಮವಸ್ತ್ರದೊಳಗೂ ವ್ಯತ್ಯಾಸ ಕಾಣುತ್ತದೆ. ಅಣ್ಣನದನ್ನು ಗಿಡ್ಡ ಮಾಡಿ ಹೊಲಿದದ್ದು, ಕಾಲರು ಸವೆದದ್ದು, ಸ್ವೆಟರ್ ಇಲ್ಲದ್ದು, ಶೂ ಬದಲು ಹವಾಯಿ ಚಪ್ಪಲಿ. ನಮ್ಮ ಕಡೆ ಇನ್ನೊಂದಿದೆ, ಹೊಗೆಯ ವಾಸನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ವಾರಗಳಲ್ಲಿ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸುತ್ತಾರೆ. ಗೀಸರು, ವಾಷಿಂಗ್ ಮೆಷಿನ್ನು ಇರುವ ಮನೆಯ ಮಗುವಿನ ಅಂಗಿಯಲ್ಲಿ ಸೋಪಿನ ವಾಸನೆ, ಲೈನಿನ ಮನೆಯ ಮಗುವಿನ ಅಂಗಿಯಲ್ಲಿ ಹೊಗೆಯ ವಾಸನೆ. "ಒಗೆದ ಬಟ್ಟೆ ಹಾಕ್ಕೊಂಡು ಬರಕ್ಕಾಗಲ್ವಾ?" ಎಂದು ಕೇಳುವ ಮೊದಲು ಆ ಬಟ್ಟೆ ಒಗೆದದ್ದೇ, ಒಣಗಿದ್ದು ಮಾತ್ರ ಒಲೆಯ ಮೇಲೆ ಎಂಬುದು ನಮಗೆ ಗೊತ್ತಿರಬೇಕು.

ಇಲ್ಲೇ ನಮ್ಮ ವಿಜ್ಞಾನ ಪಾಠ ಸಿಗುತ್ತದೆ. ಸಾಮಾನ್ಯ ಗಾಳಿಯಲ್ಲಿರುವ ತೇವವನ್ನು ಹೀರುವ ಶಕ್ತಿ ಒಂದೊಂದು ಎಳೆಗೆ ಒಂದೊಂದು. ಒಣ ತೂಕದ ಲೆಕ್ಕದಲ್ಲಿ ಉಣ್ಣೆ ಸುಮಾರು ಶೇ. 16, ಹತ್ತಿ ಸುಮಾರು ಶೇ. 8, ನೈಲಾನ್ ಸುಮಾರು ಶೇ. 4, ಪಾಲಿಯೆಸ್ಟರ್ ಸುಮಾರು ಶೇ. 0.4ರಷ್ಟು ತೇವ ಹಿಡಿಯುತ್ತವೆ. 1935ರಲ್ಲಿ ನೈಲಾನನ್ನು ವ್ಯಾಲೇಸ್ ಕ್ಯಾರೊಥರ್ಸ್, 1941ರಲ್ಲಿ ಪಾಲಿಯೆಸ್ಟರ್ ಎಳೆಯನ್ನು ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದರು ಎಂಬುದು ಪರೀಕ್ಷೆಗೆ ಬೇಕಾದ ಮಾಹಿತಿ. ಪಾಲಿಯೆಸ್ಟರ್ ಬೆರೆತ ಸಮವಸ್ತ್ರ ಮಳೆಗಾಲದಲ್ಲಿ ಬೇಗ ಒಣಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಅದೇ ಬಟ್ಟೆ ಬೆವರು ಹೀರದೆ ಮೈಗೆ ಅಂಟುತ್ತದೆ ಎಂಬುದು ಮಗುವಿನ ಮೈಗೆ ಗೊತ್ತಿರುವ ಮಾಹಿತಿ. ಎರಡನ್ನೂ ಸೇರಿಸುವುದೇ ಪಾಠ.

ಪಾಠವನ್ನು ಮತ್ತೆ ಮಾಡಿದ್ದು

ಮಾರ್ಗದರ್ಶಕ ಶಿಕ್ಷಕರಿಗೆ ನಡೆದದ್ದನ್ನು ಹೇಳಿ, ಇನ್ನೊಂದು ಅವಧಿ ಕೇಳಿದೆ. ಅವರು ಕೊಟ್ಟರು. ಹಿಂದಿನ ಸಂಜೆ ಮನೆಗೆ ಹೋಗಿ ಅವ್ವನ ಹತ್ತಿರ ಶರಟು ಕೇಳಿದೆ.

"ಇದುನ್ನ ಇಸ್ಕೂಲಿಗ್ಯಾಕೆ? ನೀನು ಮೇಡಂ ಆಗಿ ಹೋಗಿರೋಳು, ನಿನ್ನ ಮರ್ಯಾದೆ ಏನಾಗ್ಬೇಕು?" ಎಂದಳು ಅವ್ವ.

"ಪಾಠಕ್ಕೆ ಬೇಕು ಕಣವ್ವ" ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ತಡಿ, ಒಗ್ದು ಕೊಡ್ತೀನಿ" ಎಂದು ರಾತ್ರಿಯೇ ಒಗೆದು ಒಲೆಯ ಮೇಲೆ ಹಾಕಿದಳು. ಬೆಳಿಗ್ಗೆ ಮಡಿಸಿ ಕೊಟ್ಟಾಗ ಎಡತೋಳಿನ ಬಿಚ್ಚಿದ್ದ ಹೊಲಿಗೆ ಹಾಕಿ ಸರಿಮಾಡಿದ್ದಳು.

ತರಗತಿಯಲ್ಲಿ ಶರಟನ್ನು ಮೇಜಿನ ಮೇಲೆ ಹರಡಿದೆ. "ಇದು ನಮ್ಮವ್ವ ತೋಟಕ್ಕೆ ಹಾಕ್ಕೊಂಡು ಹೋಗೋ ಶರಟು" ಎಂದೆ. ಯಾರೂ ನಗಲಿಲ್ಲ. ನಾಚಿಕೆಯ ಬಗ್ಗೆ ಭಾಷಣ ಮಾಡಲಿಲ್ಲ, ಆ ಹುಡುಗಿಯ ಕಡೆ ತಿರುಗಿಯೂ ನೋಡಲಿಲ್ಲ. ಕಪ್ಪುಹಲಗೆಯ ಮೇಲೆ ಒಂದು ಪ್ರಶ್ನೆ ಬರೆದೆ: ತೋಟದ ಕೆಲಸಕ್ಕೆ ಒಂದು ಉಡುಪು ತಯಾರಿಸಬೇಕಾದರೆ ಅದಕ್ಕೆ ಯಾವ ಗುಣಗಳಿರಬೇಕು?

ಐದು ಗುಂಪು ಮಾಡಿ, ಪ್ರತಿ ಗುಂಪಿಗೆ ದರ್ಜಿ ಅಂಗಡಿಯಿಂದ ತಂದಿದ್ದ ಒಂದೇ ಅಳತೆಯ ಹತ್ತಿ, ಪಾಲಿಯೆಸ್ಟರ್, ಉಣ್ಣೆ ತುಂಡುಗಳನ್ನು ಕೊಟ್ಟೆ. ಮನೆಯಿಂದ ಯಾರೂ ಏನೂ ತರಬೇಕಾಗಿರಲಿಲ್ಲ. ಮೂರು ಕೆಲಸ: ಒಂದು ಹನಿ ನೀರು ಎಷ್ಟು ಹೊತ್ತಿಗೆ ಹೀರುತ್ತದೆ ಎಂದು ಎಣಿಸುವುದು, ನೆನೆಸಿ ಹಿಂಡಿ ತೂಗುಹಾಕಿ, ಅವಧಿಯ ಕೊನೆಗೆ ಯಾವುದು ಹೆಚ್ಚು ಒಣಗಿದೆ ಎಂದು ಮುಟ್ಟಿ ನೋಡುವುದು, ಕಾಫಿ ರೆಕ್ಕೆಯ ತುದಿಯಿಂದ ಎಳೆದು ಯಾವುದರ ದಾರ ಕಿತ್ತುಬರುತ್ತದೆ ಎಂದು ನೋಡುವುದು. ಸುಡುವ ಪರೀಕ್ಷೆಯನ್ನು ನಾನೊಬ್ಬಳೇ ಇಕ್ಕಳದಲ್ಲಿ ಹಿಡಿದು ಮಾಡಿ ತೋರಿಸಿದೆ. ಹತ್ತಿ ಕಾಗದದಂತೆ ಉರಿದು ಬೂದಿಯಾಯಿತು, ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟಿತು, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಯಿತು.

ಮೊದಲ ಪಾಠದಲ್ಲಿ ಬಾಯಿ ಬಿಡದಿದ್ದ ಮಕ್ಕಳು ಈಗ ಮಾತಾಡತೊಡಗಿದರು. ತುಂಬುತೋಳು ಇರಬೇಕು, ಜೇಬು ಇದ್ದರೆ ಎಲೆಅಡಿಕೆ ಇಟ್ಟುಕೊಳ್ಳಬಹುದು, ಹತ್ತಿಯಾದರೆ ಬೆವರಿಗೆ ಒಳ್ಳೆಯದು ಆದರೆ ಮಳೆಗೆ ಭಾರ, ಎರಡೂ ಬೆರೆತದ್ದು ಆಗಬಹುದು ಎಂದರು. ಆಗ ಮೂರನೇ ಸಾಲಿನಿಂದ ಆ ಹುಡುಗಿ ಕುಳಿತಲ್ಲಿಂದಲೇ, "ತೋಳಿನ ಗುಂಡಿ ಹಾಕಿರ್ಬೇಕು ಮಿಸ್. ಇಲ್ದಿದ್ರೆ ಕೆಂಜಿಗ ಒಳಗೋಗುತ್ತೆ" ಎಂದಳು. ಅಷ್ಟೇ ಹೇಳಿದ್ದು. ಹಿಂದಿನ ದಿನ ನಗಿಸಿದ ಹುಡುಗ, "ನಮ್ಮವ್ವ ಗುಂಡಿ ಕಿತ್ತೋಗಿದ್ರೆ ದಾರ ಕಟ್ಕೊಂತಾಳೆ" ಎಂದ. ಅವನ ಅವ್ವನೂ ಶರಟು ಹಾಕಿಕೊಳ್ಳುತ್ತಾಳೆ ಎಂಬುದು ನನಗೆ ಆಗ ತಿಳಿಯಿತು. ಮೊದಲ ದಿನ ಅವನು ಅಷ್ಟು ಬೇಗ ಎದ್ದು ಅವಳ ಕಡೆ ಬೆರಳು ತೋರಿಸಿದ್ದು ಯಾಕೆ ಎಂಬುದೂ.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳಲಾರೆ. ಇಂಟರ್ನ್‌ಶಿಪ್ ಮುಗಿಯುವವರೆಗೂ ಆ ಹುಡುಗಿ ನನ್ನೊಂದಿಗೆ ಸಲಿಗೆಯಿಂದ ಮಾತಾಡಲಿಲ್ಲ. ಘಟಕ ಪರೀಕ್ಷೆಯಲ್ಲಿ ಎಳೆಗಳ ಪ್ರಶ್ನೆಗೆ ಮಾತ್ರ ಚೆನ್ನಾಗಿ ಬರೆದಿದ್ದಳು.

ಶಿಕ್ಷಕರ ಉಡುಪು

ಮಕ್ಕಳ ಬಟ್ಟೆಯಷ್ಟೇ ನಮ್ಮ ಬಟ್ಟೆಯೂ ತರಗತಿಯಲ್ಲಿ ಮಾತಾಡುತ್ತದೆ. ಬೋಧನಾಭ್ಯಾಸಕ್ಕೆ ಹೋಗುವಾಗ ನಮಗೆ ಒಂದೇ ಬಗೆಯ ಸೀರೆ, ಸಹಪಾಠಿ ಹುಡುಗರಿಗೆ ಪ್ಯಾಂಟು, ಇನ್‌ಶರಟು. ಮೊದಲ ವಾರ ಏಳು ಪಿನ್ನು ಹಾಕಿಕೊಂಡು, ಕಪ್ಪುಹಲಗೆಯ ಮೇಲ್ತುದಿಗೆ ಕೈ ಎತ್ತಲೂ ಹೆದರುತ್ತ ಪಾಠ ಮಾಡಿದ್ದು ನೆನಪಿದೆ. ಆದರೆ ಸೀರೆ ಉಟ್ಟ ದಿನ ಮಕ್ಕಳು ಎದ್ದು ನಿಂತರು, ಚೂಡಿದಾರದಲ್ಲಿ ಶಾಲೆ ನೋಡಲು ಹೋದ ದಿನ "ಅಕ್ಕ" ಎಂದಿದ್ದರು. ಹೀಗಾಗಿ ಬಟ್ಟೆ ಕೊಡುವ ಧೈರ್ಯ ಸುಳ್ಳಲ್ಲ.

ಇದರ ಬಗ್ಗೆ ಒಂದು ಹೆಸರಾದ ಸಂಶೋಧನೆಯಿದೆ. 2012ರಲ್ಲಿ ಹಯೋ ಆಡಮ್ ಮತ್ತು ಆಡಮ್ ಗಲಿನ್ಸ್ಕಿ, ವೈದ್ಯರ ಕೋಟು ಎಂದು ಹೇಳಿ ಬಿಳಿ ಕೋಟು ತೊಡಿಸಿದವರು ಗಮನ ಬೇಡುವ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡಿದರು ಎಂದು ತೋರಿಸಿದರು. ಶಿಕ್ಷಕರ ತರಬೇತಿಯ ಭಾಷಣಗಳಲ್ಲಿ ಇದನ್ನು ಉದಾಹರಿಸುವುದುಂಟು. ಆದರೆ 2019ರಲ್ಲಿ ಬೇರೆ ಸಂಶೋಧಕರು ಹೆಚ್ಚು ಜನರನ್ನಿಟ್ಟುಕೊಂಡು ಆ ಪ್ರಯೋಗಗಳಲ್ಲೊಂದನ್ನು ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ವಿಜ್ಞಾನ ಶಿಕ್ಷಕರಾದ ನಾವು ಎರಡನ್ನೂ ಹೇಳಬೇಕು. ಬಟ್ಟೆ ನಮ್ಮನ್ನು ಜಾಣರನ್ನಾಗಿ ಮಾಡುತ್ತದೆ ಎನ್ನಲು ಆಧಾರ ಗಟ್ಟಿಯಿಲ್ಲ. ಬಟ್ಟೆ ನೋಡಿ ಜನ ನಮ್ಮೊಂದಿಗೆ ನಡೆದುಕೊಳ್ಳುವ ರೀತಿ ಬದಲಾಗುತ್ತದೆ ಎಂಬುದು ನಮ್ಮೆಲ್ಲರ ಅನುಭವ.

ಸೀರೆ ಕಡ್ಡಾಯವೇ ಎಂಬ ಪ್ರಶ್ನೆ ನೆರೆಯ ಕೇರಳದಲ್ಲಿ ಎದ್ದಾಗ, 2021ರಲ್ಲಿ ಅಲ್ಲಿನ ಉನ್ನತ ಶಿಕ್ಷಣ ಇಲಾಖೆ ಕಾಲೇಜು ಶಿಕ್ಷಕಿಯರು ತಮಗೆ ಅನುಕೂಲವಾದ ಉಡುಪು ಧರಿಸಬಹುದು ಎಂದು ಸ್ಪಷ್ಟಪಡಿಸಿತು. ನನಗೆ ಸೀರೆ ಇಷ್ಟ. ಆದರೂ ಪ್ರಯೋಗಶಾಲೆಯಲ್ಲಿ ಸ್ಪಿರಿಟ್ ದೀಪದ ಹತ್ತಿರ ಸಂಶ್ಲೇಷಿತ ಸೀರೆಯ ಸೆರಗು ಅಪಾಯ. ಅದು ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ನಾವೇ ಮಕ್ಕಳಿಗೆ ಹೇಳಿಕೊಡುವ ಪಾಠವಿದು. ಹಾಗಾಗಿ ಸುಡುವ ಪರೀಕ್ಷೆ ಮಾಡಿದ ದಿನ ನಾನು ಹತ್ತಿ ಸೀರೆ ಉಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅವ್ವನ ಶರಟನ್ನೇ ಹಾಕಿಕೊಂಡೆ. ಅದಕ್ಕಿಂತ ಒಳ್ಳೆಯ ಏಪ್ರನ್ ಆ ಶಾಲೆಯಲ್ಲಿರಲಿಲ್ಲ.

ಸಹಪಾಠಿಗಳಿಗೆ ಕೆಲವು ಸಲಹೆಗಳು

1. ಮನೆಯಿಂದ ವಸ್ತು ತರಿಸುವ ಚಟುವಟಿಕೆ ಹಾಕಿಕೊಳ್ಳುವ ಮೊದಲು, ತರಲಾಗದ ಮಗು ಏನು ಮಾಡುತ್ತದೆ ಎಂದು ಪಾಠಯೋಜನೆಯಲ್ಲೇ ಬರೆದುಕೊಳ್ಳಿ. ಸಾಧ್ಯವಾದರೆ ಸಾಮಗ್ರಿಯನ್ನು ನಾವೇ ಒಯ್ಯೋಣ.

2. "ಮರೆತೆ" ಎಂದು ಮಗು ಹೇಳಿದರೆ ಅಲ್ಲಿಗೇ ಬಿಡಿ. ಬಹಳ ಸಲ ಅದು ಮರೆವಲ್ಲ, ಮರ್ಯಾದೆ ಉಳಿಸಿಕೊಳ್ಳುವ ದಾರಿ.

3. ಬಟ್ಟೆ, ವಾಸನೆ, ಕೂದಲು, ಚಪ್ಪಲಿಯ ಬಗ್ಗೆ ಹೇಳಬೇಕಾದದ್ದು ಇದ್ದರೆ ಒಬ್ಬರೇ ಇದ್ದಾಗ, ಮೊದಲು ಕಾರಣ ಕೇಳಿ ಹೇಳಿ.

4. ಸ್ಥಳೀಯ ಉಡುಪನ್ನು "ನಮ್ಮ ಸಂಸ್ಕೃತಿ" ಎಂದು ಪ್ರದರ್ಶನಕ್ಕಿಡುವ ಬದಲು ಪ್ರಶ್ನೆಯಾಗಿ ಇಡಿ: ಇದನ್ನು ಹೀಗೆ ಯಾಕೆ ಮಾಡಿದ್ದಾರೆ? ಆಗ ಕಂಬಳಿ ಕೊಪ್ಪೆಯೂ ಇಳಕಲ್ ಸೀರೆಯೂ ತೋಟದ ಶರಟೂ ಒಂದೇ ಮೇಜಿನ ಮೇಲೆ ಬರುತ್ತವೆ.

5. ತರಗತಿಯಲ್ಲಿ ಒಬ್ಬ ಮಗುವಿನ ಬಗ್ಗೆ ನಗು ಎದ್ದರೆ "ಸೈಲೆನ್ಸ್" ಎಂದಷ್ಟೇ ಹೇಳಿ ಮುಂದಿನ ಕಲಿಕಾಂಶಕ್ಕೆ ಹೋಗಬೇಡಿ. ಆ ದಿನ ಆಗದಿದ್ದರೆ ಮರುದಿನವಾದರೂ ಹಿಂತಿರುಗಿ.

6. ಪಾಠ ವೀಕ್ಷಿಸುವ ಉಪನ್ಯಾಸಕರಲ್ಲಿ ಒಂದು ವಿನಂತಿ. ಅವಲೋಕನ ಪುಸ್ತಕದಲ್ಲಿ ಎಷ್ಟು ಮಕ್ಕಳು ನಕ್ಕರು, ಎಷ್ಟು ಮಕ್ಕಳು ಕೈ ಎತ್ತಿದರು ಎಂಬುದರ ಜೊತೆಗೆ ಯಾರು ಸುಮ್ಮನಿದ್ದರು ಎಂಬುದಕ್ಕೂ ಒಂದು ಸಾಲು ಇರಲಿ.

ಕೊನೆಯ ಮಾತು

ಇಂಟರ್ನ್‌ಶಿಪ್ ಮುಗಿದ ದಿನ ಶರಟನ್ನು ಅವ್ವನಿಗೆ ವಾಪಸ್ ಕೊಟ್ಟೆ. ಮಕ್ಕಳು ಏನಂದರು ಎಂದು ಕೇಳಿದಳು. ತೋಳಿನ ಗುಂಡಿ ಹಾಕಿರಬೇಕು ಅಂದರು ಎಂದೆ. "ಅದ್ಯಾರಿಗೆ ಗೊತ್ತಿಲ್ಲ?" ಎಂದು ನಕ್ಕು, ಮಾರನೇ ದಿನ ಬೆಳಿಗ್ಗೆ ಅದನ್ನೇ ಹಾಕಿಕೊಂಡು ತೋಟಕ್ಕೆ ಹೋದಳು.